ಬರೇ ಹೊಟ್ಟು

ಸುಳ್ಳು ಹೇಳಿದವನು ನಾನು, ಯರ್ರಿಸ್ವಾಮಿ ಅಣ್ಣ. ನಿಮಗೆ ಹೇಳಿದ್ದು ಒಂದಲ್ಲ, ಎರಡು ಸುಳ್ಳು. ಮೊದಲನೆಯದರಿಂದ ನಿಮ್ಮ ಎಡಗಣ್ಣು ಹೋಯಿತು. ಎರಡನೆಯದರಿಂದ ಹೋದದ್ದೇನು ಎಂಬುದು ನಿಮಗೆ ಇವತ್ತಿಗೂ ಗೊತ್ತಿಲ್ಲ — ನನಗೂ ಕಳೆದ ತಿಂಗಳವರೆಗೆ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಾದಾಗಿನಿಂದ ಕೂತಲ್ಲಿ ಕೂಡಲಾಗುತ್ತಿಲ್ಲ. ಗಿರಾಕಿ ಒಂದು ಕೇಳಿದರೆ ಇನ್ನೊಂದು ತೆಗೆದುಕೊಡುತ್ತೇನೆ. ನಿಮ್ಮೆದುರೇ ಹೇಳಿಬಿಡಬೇಕೆಂದು ಸಿರುಗುಪ್ಪದ ಬಸ್ಸು ಹತ್ತಿ ಬಂದೆ. ಬಂದು ನಿಮ್ಮ ಓಣಿಯ ಬಾಯಲ್ಲಿ ನಿಂತು, ಬೀಡಾ ಅಂಗಡಿಯವನ ಹತ್ತಿರ ಬೇಡವಾದ ಬೀಡಾ ಕಟ್ಟಿಸಿಕೊಂಡು ವಾಪಸ್ಸು ಹೋದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಅಂಥ ಶೂರ ನಾನು.

ಆಗ ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮಾವನ ಬ್ಯಾಟರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಬ್ಯಾಟರಿಗೆ ಹಾಕುವ ಆಸಿಡ್ಡನ್ನು ನೀರು ಬೆರೆಸದೆ, ಗಟ್ಟಿಯಾಗಿಯೇ, ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಕುರುಗೋಡಿನ, ಸಿರುಗುಪ್ಪದ ಅಂಗಡಿಗಳಿಗೆ ಗೂಡ್ಸ್ ಗಾಡಿಯಲ್ಲಿ ಮುಟ್ಟಿಸುವುದು ನನ್ನ ಕೆಲಸ. ಅದನ್ನು ಸಾಗಿಸಲು ಬೇಕಾದ ಪರವಾನಗಿ ನಮಗಿರಲಿಲ್ಲ. ಹಾಗಾಗಿ ಗಾಡಿಯಲ್ಲಿ ಭತ್ತದ ಹೊಟ್ಟು ಹಾಸಿ, ಅದರಲ್ಲಿ ಕ್ಯಾನು ಹುಗಿದು, ಮೇಲೆ ಮತ್ತೆ ಹೊಟ್ಟು ಸುರಿದು ತಾಡಪಾಲು ಎಳೆಯುತ್ತಿದ್ದೆವು. ಕ್ಯಾನು ಒಂದಕ್ಕೊಂದು ಬಡಿಯುವುದಿಲ್ಲ, ಯಾರ ಕಣ್ಣಿಗೂ ಬೀಳುವುದಿಲ್ಲ. ನಾವೊಬ್ಬರೇ ಅಲ್ಲ, ಆ ಸಾಲಿನಲ್ಲಿ ಇನ್ನೂ ಕೆಲವರು ಹಾಗೇ ಮಾಡುತ್ತಿದ್ದರು. ಮಿಲ್ಲುಗಳ ಊರಾದ ಸಿರುಗುಪ್ಪದಿಂದ ಹೊಟ್ಟು ಬಳ್ಳಾರಿಗೆ ಬರುವುದು ಲೋಕರೂಢಿ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೊಟ್ಟು ಹೊರುವ ಜಾಣ ನೀನೊಬ್ಬನೇ ಎಂದು ಮಾವ ನನ್ನನ್ನು ಕಾಡಿಸುತ್ತಿದ್ದರು. ನಾನೂ ನಗುತ್ತಿದ್ದೆ.

ಕುರುಗೋಡು ದಾಟಿದ ಮೇಲೆ ಕಾಲುವೆಯ ಸೇತುವೆ ಇನ್ನೇನು ಬಂತು ಅನ್ನುವಾಗ ಗಾಡಿ ಒಂದು ಗುಂಡಿಗೆ ಬಿತ್ತು. ಹಿಂದೆ ಏನೋ ಬಿರಿದ ಸಪ್ಪಳ. ಇಳಿದು ತಾಡಪಾಲು ಸರಿಸಿದೆ — ಹೊಟ್ಟು ಕಪ್ಪಗಾಗುತ್ತಿತ್ತು. ಬೆಂಕಿಯಿಲ್ಲ, ಬರೀ ಹೊಗೆ, ಮೂಗಿಗೆ ಖಾರದಂತೆ ಇರಿಯುವ ಹೊಗೆ. ಆಸಿಡ್ಡು ಹೊಟ್ಟನ್ನು ಸುಡುತ್ತಿದೆ ಎಂದು ಆ ಕ್ಷಣವೇ ತಿಳಿಯಿತು. ನಾನು ಓದಿದ್ದೇ ಕೆಮಿಸ್ಟ್ರಿ, ತಿಳಿಯದೆ ಏನು? ಆದರೆ ಹೊಲದಲ್ಲಿದ್ದವರಿಗೆ, ಬಸ್ಸು ನಿಲ್ಲಿಸಿ ಇಳಿದವರಿಗೆ ಹೊಟ್ಟಿಗೆ ಬೆಂಕಿ ಬಿದ್ದಂತೆಯೇ ಕಂಡಿತು. ಯಾರೋ ಫೋನು ಮಾಡಿದರು. ನಿಮ್ಮ ಅಗ್ನಿಶಾಮಕ ಗಾಡಿ ಬಂತು.

ಉಳಿದವರು ಪಂಪು ಚಾಲೂ ಮಾಡುತ್ತಿದ್ದರು, ಪೈಪು ಬಿಚ್ಚುತ್ತಿದ್ದರು. ನೀವೊಬ್ಬರೇ ಮುಂದೆ ಬಂದಿರಿ. ಜನರನ್ನು ಹಿಂದಕ್ಕೆ ಸರಿಸಿ, ನೇರ ನನ್ನ ಹತ್ತಿರ ಬಂದು ಕೇಳಿದಿರಿ.

"ಹೊಟ್ಟಿನ ಕೆಳಗ ಏನೈತ್ರೀ?"

"ಏನಿಲ್ಲಣ್ಣ, ಬರೇ ಹೊಟ್ಟು. ಸಿರುಗುಪ್ಪದ ಮಿಲ್ಲಿಂದ ಬಳ್ಳಾರಿಗೆ ಒಯ್ಯಾಕತ್ತಿದ್ದೆ."

ಗಾಡಿ ರಸ್ತೆಗೆ ಅಡ್ಡ ನಿಂತಿತ್ತು. ಯಾವ ದಿಕ್ಕಿಗೆ ಹೊರಟಿತ್ತೆಂದು ನೋಡಿದರೆ ಗೊತ್ತಾಗುವಂತಿರಲಿಲ್ಲ. ಅದನ್ನೂ ಲೆಕ್ಕ ಹಾಕಿಯೇ ಹೇಳಿದೆ ನೋಡಿ — ಅಷ್ಟು ಗಾಬರಿಯಲ್ಲೂ ನನ್ನ ತಲೆ ಅಷ್ಟು ಚೆನ್ನಾಗಿ ಓಡಿತು. ಆದರೂ ನೀವು ಹೋಗಲಿಲ್ಲ. ಮೂಗು ಅರಳಿಸಿ ಇನ್ನೊಮ್ಮೆ ಕೇಳಿದಿರಿ.

"ಖರೇ ಹೇಳ್ರಿ. ವಾಸನಿ ಬ್ಯಾರೇನ ಬರಾಕತ್ತೈತಿ."

"ಬರೇ ಹೊಟ್ಟಣ್ಣ," ಎಂದೆ.

ಏಕೆ ಹಾಗೆಂದೆ? ಕೇಸಾಗುತ್ತದೆ, ಅಂಗಡಿಗೆ ಬೀಗ ಬೀಳುತ್ತದೆ, ಮಾವನ ಮುಖ ನೋಡುವುದು ಹೇಗೆ — ಹೀಗೇನೋ ಒಂದು. ಆಮೇಲೆ, ಸ್ವಲ್ಪ ಹೊಗೆಯಾಡಿ ತಣ್ಣಗಾದೀತು ಎಂದು — ಇಲ್ಲ, ಇದು ಸುಳ್ಳು. ತಣ್ಣಗಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಕ್ಯಾನು ಕೊಡುವಾಗ ಪ್ರತಿ ಅಂಗಡಿಯವನಿಗೂ ಹೇಳುತ್ತಿದ್ದವನು ನಾನೇ: ನೀರಿಗೆ ಆಸಿಡ್ಡು ಹಾಕು, ಆಸಿಡ್ಡಿಗೆ ನೀರು ಹಾಕಬೇಡ, ಮುಖಕ್ಕೆ ಸಿಡಿಯುತ್ತದೆ. ನೀವು ತಿರುಗಿ ಕೈಸನ್ನೆ ಮಾಡಿದ್ದನ್ನು ನೋಡಿದೆ. ಪೈಪು ನಿಮ್ಮ ಕೈಗೆ ಬಂದದ್ದನ್ನೂ ನೋಡಿದೆ. ಬಾಯಿ ತೆರೆಯಲು ಸಮಯವಿತ್ತು. ಬೇಕಾದಷ್ಟಿತ್ತು.

ನೀರು ಬಿದ್ದದ್ದೇ ತಡ, ಕಾದ ಎಣ್ಣೆಗೆ ನೀರು ಬಿದ್ದಂತೆ ಚಟಚಟನೆ ಸಿಡಿಯಿತು. ನೀವು ಮುಖ ಮುಚ್ಚಿಕೊಂಡು ಕುಸಿದಿರಿ. ಆಗ ಕೂಗಿದೆ, ಆಸಿಡ್ಡು, ಆಸಿಡ್ಡು, ಗಾಡಿಗೆ ನೀರು ಬಿಡಬೇಡಿ ಎಂದು. ಓಡಿ ಬಂದು ನಿಮ್ಮನ್ನು ದೂರಕ್ಕೆ ಎಳೆದೆ. ಪೈಪಿನ ಬಿರುಸು ತಗ್ಗಿಸಲು ಹೇಳಿ, ನಿಮ್ಮ ರೆಪ್ಪೆ ಬಿಡಿಸಿ ಹಿಡಿದು, ಆಂಬುಲೆನ್ಸು ಬರುವ ತನಕ ಬಿಡದೆ ನೀರು ಹಾಯಿಸಿದೆ. ಆ ನೋವಿನಲ್ಲೂ ನೀವು ನಿಮ್ಮ ಹುಡುಗರಿಗೆ ಹೇಳುತ್ತಿದ್ದಿರಿ — ಕಾಲುವೆಗೆ ಹರಿಯದ ಹಾಗೆ ಮಣ್ಣಿನ ಒಡ್ಡು ಹಾಕಿ, ಜನರನ್ನು ಗಾಳಿ ಬರುವ ಕಡೆಗೆ ಕಳಿಸಿ. ಅವರು ಹೊಲದವರ ಟ್ರ್ಯಾಕ್ಟರಿನಲ್ಲಿ ಒಣ ಮಣ್ಣು ತರಿಸಿ ಸುರಿದರು, ಕುರುಗೋಡಿನಿಂದ ಸುಣ್ಣದ ಚೀಲ ತರಿಸಿದರು. ಕಾಲುವೆಗೆ ಒಂದು ಹನಿಯೂ ಹೋಗಲಿಲ್ಲ ಅಂತ ಆಮೇಲೆ ಎಲ್ಲರೂ ಹೊಗಳಿದರು.

ನನ್ನನ್ನೂ ಹೊಗಳಿದರು. ನೀರು ಹಾಯಿಸಿದ್ದರಿಂದಲೇ ಬಲಗಣ್ಣು ಉಳಿಯಿತೆಂದು ಡಾಕ್ಟರು ಹೇಳಿದರಂತೆ. ಗಂಗಮ್ಮಕ್ಕ ಆಸ್ಪತ್ರೆಯ ವರಾಂಡದಲ್ಲಿ ನನ್ನ ಕೈ ಹಿಡಿದುಕೊಂಡು ಅತ್ತರು. ಗಂಡನ ಒಂದು ಕಣ್ಣು ಕಳೆದವನ ಕೈ ಅದು. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ವಿಚಾರಣೆಗೆ ಬಂದ ಸಾಹೇಬರು ಆಸಿಡ್ಡಿದೆ ಎಂದು ಮೊದಲೇ ಏಕೆ ಹೇಳಲಿಲ್ಲವೆಂದು ಗದರಿದರು. ಯಾರೂ ಕೇಳಲಿಲ್ಲ ಸಾರ್, ನಾನು ಹೇಳುವಷ್ಟರಲ್ಲಿ ನೀರು ಬಿಟ್ಟಿದ್ದರು ಎಂದೆ. ಪಂಪಿನ ಗದ್ದಲದಲ್ಲಿ ನಿಮ್ಮ ಮಾತು ಬೇರೆ ಯಾರ ಕಿವಿಗೂ ಬಿದ್ದಿರಲಿಲ್ಲ. ಯಾವ ಕೇಸಿಗೆ ಹೆದರಿ ಮೊದಲು ಸುಳ್ಳಾಡಿದ್ದೆನೋ ಆ ಕೇಸು ಆಗಿಯೇ ಆಯಿತು, ಮಾವನ ಅಂಗಡಿಗೆ ಕೆಲ ಕಾಲ ಬೀಗವೂ ಬಿತ್ತು, ಆಮೇಲೆ ಎಲ್ಲ ಸರಿಹೋಯಿತು. ನಮಗೆ.

ಇನ್ನು ಎರಡನೆಯದು. ನಿಮ್ಮ ಮುಖಕ್ಕೆ ಇನ್ನೂ ಪಟ್ಟಿ ಕಟ್ಟಿದ್ದ ದಿನಗಳು. ಮೋಸಂಬಿ ತೆಗೆದುಕೊಂಡು ನೋಡಲು ಬಂದಿದ್ದೆ. ಗಾಡಿಯಲ್ಲಿ ಏನಿದೆಯೆಂದು ನೀವು ಕೇಳಿಯೇ ಇರಲಿಲ್ಲವೆಂದು ಸಾಹೇಬರು ಅಂದರೆಂದೂ, ನಿಮಗೇಕೋ ಕೇಳಿದಂತೆ ನೆನಪಿದೆಯೆಂದೂ ಹೇಳುತ್ತಾ ಹೇಳುತ್ತಾ ನೀವು ನನ್ನ ಕಡೆ ಮುಖ ತಿರುಗಿಸಿದಿರಿ. ಕಾಣುತ್ತಿರಲಿಲ್ಲ, ಆದರೂ ತಿರುಗಿಸಿದಿರಿ.

"ಸೀನಪ್ಪ, ನೀವು ಅಲ್ಲೇ ಇದ್ರಲ್ಲ. ನಾನು ಕೇಳಲಿಲ್ಲೇನ್ರಿ?"

"ಇಲ್ಲಣ್ಣ," ಎಂದೆ.

ಹೌದೇನೋ, ಗಡಿಬಿಡಿಯಲ್ಲಿ ಮರೆತಿರಬೇಕು ಎಂದಿರಿ. ರಸ್ತೆಯ ಮೇಲೆ ಹೇಳಿದ್ದು ಹೆದರಿಕೆಯಲ್ಲಿ ಬಂದ ಮಾತು ಎಂದಾದರೂ ಅನ್ನಬಹುದು. ಇದನ್ನು ಕುರ್ಚಿಯಲ್ಲಿ ಕೂತು, ಹಣ್ಣು ಸುಲಿಯುತ್ತ ಹೇಳಿದೆ.

ಅಲ್ಲಿಂದ ಇಷ್ಟು ವರ್ಷ ನಿಮ್ಮ ಮನೆಗೆ ಬಂದು ಹೋಗುತ್ತಿದ್ದೇನೆ. ದೀಪಾವಳಿಗೆ ಉಂಡಿದ್ದೇನೆ. ಗಂಗಮ್ಮಕ್ಕ ನನ್ನನ್ನು ತಮ್ಮಾ ಎನ್ನುತ್ತಾರೆ. ಮೊದಮೊದಲು ನೀವು ಏನನ್ನಾದರೂ ಎರಡೆರಡು ಸಲ ಕೇಳಿದರೆ ವಯಸ್ಸಾಯಿತು ಎಂದು ನಗುತ್ತಿದ್ದೆವು. ಕಳೆದ ತಿಂಗಳು ನೀವು ಮನೆಯಲ್ಲಿಲ್ಲದಾಗ ಅಕ್ಕ ನಗಲಿಲ್ಲ. ಗ್ಯಾಸು ಆರಿಸಿ ಓಣಿ ದಾಟಿದವರು ಮತ್ತೆ ಬಂದು ನೋಡುತ್ತಾರಂತೆ. ಅಗ್ನಿಶಾಮಕ ಠಾಣೆಯಲ್ಲಿ ಫೋನಿನ ಮುಂದೆ ಕೂತರೆ ಊರಿನ ಹೆಸರು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಮತ್ತೆ ಮತ್ತೆ ಕೇಳುತ್ತೀರಂತೆ, ಆ ಕಡೆಯವರು ಬೈಯುತ್ತಾರಂತೆ. ಹೊಸ ಹುಡುಗರಿಗೆ ಪಾಠ ಹೇಳುವಾಗ ನಿಮ್ಮ ಮುಖವನ್ನೇ ತೋರಿಸಿ, ಮೊದಲು ಕೇಳಿ, ನಾನು ಕೇಳದೆ ಹೀಗಾದೆ ಎನ್ನುತ್ತೀರಂತೆ. ಆಮೇಲೆ ಅಕ್ಕ ದನಿ ತಗ್ಗಿಸಿ ಹೇಳಿದರು.

"ನೌಕರಿ ಬಿಡ್ತೀನಿ ಅಂತಾರ ತಮ್ಮಾ. ಕಣ್ಣಿಗಲ್ಲ. ನನ್ನ ತಲಿ ಮ್ಯಾಲ ನನಗ ನಂಬಿಕಿ ಇಲ್ಲ ಅಂತಾರ."

ನನಗೆ ಕೊಟ್ಟ ಚಹಾ ಹಾಗೇ ಇತ್ತು. ಏನೋ ನೆಪ ಹೇಳಿ ಎದ್ದು ಬಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಇಡೀ ದಾರಿ ನನಗೆ ನಾನೇ ಬೈದುಕೊಂಡೆ, ಆದರೆ ಬೈಗುಳ ನಿಮಗೆ ಮುಟ್ಟಬೇಕಾದ ಮಾತಲ್ಲ. ಕಣ್ಣು ಹೋದದ್ದಕ್ಕೆ ನೀವು ಯಾರನ್ನೂ ದೂರಲಿಲ್ಲ, ನಿಮ್ಮನ್ನೇ ದೂರಿಕೊಂಡಿರಿ. ಹಾಗೆ ದೂರಿಕೊಳ್ಳಲು ಬಿಟ್ಟು, ಪಕ್ಕದಲ್ಲೇ ಕೂತು ಊಟ ಮಾಡಿದವನು ನಾನು.

ವಿಚಾರಣೆ ಮಾಡಿದ ಸಾಹೇಬರು ಈಗ ಬಳ್ಳಾರಿಯಲ್ಲೇ ಇದ್ದಾರೆ. ನಿನ್ನೆ ಅವರ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬರೆದುಕೊಡು ಎಂದರು, ಬರೆದುಕೊಟ್ಟೆ. ಮುಂದೇನಾಗುತ್ತದೋ ಆಗಲಿ. ಗಂಗಮ್ಮಕ್ಕ ಇನ್ನು ನನ್ನನ್ನು ತಮ್ಮಾ ಎನ್ನಬೇಕಿಲ್ಲ. ಸೋಮವಾರ ನೀವು ಹುಡುಗರಿಗೆ ಪಾಠ ಹೇಳುವ ಹೊತ್ತಿಗೆ ನಾನು ಬರುತ್ತೇನೆ. ಈ ಸಲ ಓಣಿಯ ಬಾಯಿಂದ ತಿರುಗುವುದಿಲ್ಲ. ಅವರೆಲ್ಲರ ಮುಂದೆ ನಿಂತು ಹೇಳುತ್ತೇನೆ. ಕ್ಷಮೆ ಕೇಳಲು ಅಲ್ಲ. ಅಷ್ಟರೊಳಗೆ ರಾಜೀನಾಮೆಗೆ ಮಾತ್ರ ಸಹಿ ಹಾಕಬೇಡಿ.

ನೀವು ಕೇಳಿದ್ದಿರಿ, ಅಣ್ಣ. ಒಮ್ಮೆಯಲ್ಲ, ಎರಡು ಸಲ ಕೇಳಿದ್ದಿರಿ.