ಹಳ್ಳದ ಬ್ಲಾಕಿನ ಶೀಟು

ಮೊನ್ನೆ ಬೆಳಿಗ್ಗೆ ಮೊಬೈಲು ‘ಜಾಗ ತುಂಬಿದೆ’ ಎಂದಿತು. ಕೆಳಗೆ ಒಂದು ಓಕೆ. ಬೇರೆಯವರಾದರೆ ನಾಲ್ಕು ಗುಡ್ ಮಾರ್ನಿಂಗ್ ಫೋಟೋ ಅಳಿಸಿ ಸುಮ್ಮನಾಗುತ್ತಾರೆ. ನಾನೋ, ಫೋನನ್ನು ಮಗುಚಿ ಅಡುಗೆಕಟ್ಟೆಯ ಮೇಲಿಟ್ಟು, ಒಗ್ಗರಣೆ ಸೀದು ಹೋಗುವವರೆಗೂ ನಿಂತೇ ಇದ್ದೆ. ನಗಬೇಡಿ... ಹಿಂದೊಮ್ಮೆ ಅಂಥದೇ ಓಕೆ ಒತ್ತಿದ ಕೈ ಇದು.

ಎರಡು ಸಾವಿರನೇ ಇಸವಿಯ ಆಚೀಚಿನ ಮಾತು. ಆಲೂರು ಕಡೆಯ ಒಂದು ಕಾಫಿ ಎಸ್ಟೇಟಿನ ಆಫೀಸಿನಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕಿದ್ದೆ. ಬಾಳ್ಳುಪೇಟೆಯಿಂದ ದಿನಾ ಬಸ್ಸು. ನಮ್ಮ ಅಕ್ಕನನ್ನು ಅದೇ ಎಸ್ಟೇಟಿನ ಕೂಲಿಯವರ ಲೈನು ಮನೆಗೆ ಕೊಟ್ಟಿದ್ದರು, ಕಾಫಿ ಕುಯ್ಯುವ ಗ್ಯಾಂಗಿನಲ್ಲಿದ್ದಳು. ಆಫೀಸು ನೋಡಿಕೊಳ್ಳುತ್ತಿದ್ದವರು ಲೆಕ್ಕ ಬರೆಯುವ ರೈಟರ್ರು. ಐವತ್ತೆಂಟರ ವಯಸ್ಸು, ಉಬ್ಬಸ, ಕಿವಿಗೆ ಸಿಕ್ಕಿಸಿದ ಕೆಂಪು ಪೆನ್ಸಿಲ್. ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು: “ನೋಡವ್ವ, ಬರ್ದಿದ್ದನ್ನ ಅಳಿಸ್ಬಾರ್ದು, ಪುಟ ಹರೀಬಾರ್ದು. ತಪ್ಪಾದ್ರೆ ಒಂದು ಗೀಟು ಎಳಿ, ಹಳೇದೂ ಕಾಣ್ತಾ ಇರ್‍ಲಿ.”

ನಾನು ಆ ಮಾತನ್ನು ಶಿರಸಾವಹಿಸಿ ಪಾಲಿಸಿದೆ. ಅತಿಯಾಗಿಯೇ ಪಾಲಿಸಿದೆ.

ಆಫೀಸಿನಲ್ಲಿ ಮೂರು ಕಂಪ್ಯೂಟರು. ಮ್ಯಾನೇಜರ ಕೋಣೆಯ ಮೂಲೆಯಲ್ಲಿದ್ದದ್ದಕ್ಕೆ ಸರ್ವರ್ ಎಂಬ ದೊಡ್ಡ ಹೆಸರು. ನನ್ನ ಮೇಜಿನದೂ, ಕಾಫಿ ಒಣಗಿಸುವ ಕಣದ ಆಚೆ ಸ್ಟೋರಿನದೂ ತಂತಿಯಲ್ಲಿ ಅದಕ್ಕೆ ಅಂಟಿಕೊಂಡಿದ್ದವು. ನಾಳೆ ಯಾವ ಗ್ಯಾಂಗು ತೋಟದ ಯಾವ ಬ್ಲಾಕಿಗೆ, ಆನೆ ಎಲ್ಲಿ ಕಂಡಿದೆ ಎಂಬ ಶೀಟನ್ನು ಸಂಜೆ ನಾನು ಟೈಪ್ ಮಾಡಿ ಸರ್ವರಿನಲ್ಲಿ ಇಡುತ್ತಿದ್ದೆ. ಬೆಳಿಗ್ಗೆ ಸ್ಟೋರಿನವರು ಅದನ್ನು ತೆರೆದು ಮೇಸ್ತ್ರಿಗಳಿಗೆ ಓದಿ ಹೇಳುತ್ತಿದ್ದರು. ಜನ ಹೊರಡುತ್ತಿದ್ದದ್ದು ಆ ಶೀಟಿನ ಮೇಲೆ.

ಆ ಸಂಜೆ ಆನೆ ಕಾಯುವ ವಾಚರ್ ಏದುಸಿರು ಬಿಡುತ್ತಾ ಬಂದ. “ಮರಿ ಹಾಕಿರೋ ಆನೆ ಕಣಕ್ಕ, ಹಳ್ಳದ ಬ್ಲಾಕಿಗೆ ಇಳ್ದೈತೆ. ನಾಳೆ ಯಾರ್‍ನೂ ಅತ್ಲಾಗೆ ಬುಡ್ಬೇಡಿ” ಎಂದ. ಅಕ್ಕನ ಗ್ಯಾಂಗು ಎರಡು ದಿನದಿಂದ ಅಲ್ಲೇ ಕುಯ್ಯುತ್ತಿತ್ತು. ನಾನು ಶೀಟು ತೆಗೆದು ಅವರನ್ನು ಬಂಡೆ ಬ್ಲಾಕಿಗೆ ಹಾಕಿದೆ. ಸೇವ್ ಒತ್ತಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು, ಕೆಳಗೆ ಓಕೆ. ಅಷ್ಟರಲ್ಲಿ ಗೇಟಿನ ಹತ್ತಿರ ಬಸ್ಸು ಹಾರನ್ ಹೊಡೆಯಿತು. ಅದು ತಪ್ಪಿದರೆ ಇನ್ನೊಂದಿಲ್ಲ. ಓಕೆ ಒತ್ತಿ ಓಡಿದೆ.

ಮಾರನೇ ದಿನ ಎಂಟು ಗಂಟೆಗೆ ಬಂದು ಕೂತರೆ ಯಾವ ಫೈಲೂ ಸೇವ್ ಆಗುತ್ತಿಲ್ಲ. ಇಲಿ ತಂತಿ ಕಡಿದಿರಬೇಕು ಎಂದುಕೊಂಡೆ, ಹಿಂದೆ ಒಮ್ಮೆ ಕಡಿದಿತ್ತು. ಗೋಡೆಯುದ್ದಕ್ಕೂ ತಡಕಿದೆ. ತಂತಿ ಸರಿ ಇತ್ತು. ಕಂಪ್ಯೂಟರ್ ಆರಿಸಿ ಹಚ್ಚಿದೆ. ಫೈಲು ತೆರೆಯುತ್ತದೆ, ಓದಬಹುದು, ಬರೆದದ್ದು ಮಾತ್ರ ಉಳಿಯುವುದಿಲ್ಲ. ಹಾಳಾದ್ದು ಏನಾಗಿದೆ ಇದಕ್ಕೆ ಎಂದು ಗೊಣಗುತ್ತಾ, ಬಂದ ಸಂದೇಶವನ್ನು ಈ ಸಲ ಪೂರ್ತಿ ಓದಿದೆ.

“ಏನಂತವ್ವ?” ಎಂದರು ರೈಟರ್ರು.

“ಸರ್ವರಿನಲ್ಲಿ ಜಾಗ ಇಲ್ಲವಂತೆ ಸಾರ್.”

ಅವರು ಪೆನ್ಸಿಲನ್ನು ಕಿವಿಯಿಂದ ತೆಗೆದರು. “ಹಂಗಾದ್ರೆ ನಿನ್ನೆ ಸಂಜೆ ನೀನು ಬರ್ದಿದ್ದು ಎಲ್ಲಿ ಕೂತೈತೆ?”

ಸರಸರನೆ ಶೀಟು ತೆಗೆದೆ. ಅಕ್ಕನ ಗ್ಯಾಂಗು: ಹಳ್ಳದ ಬ್ಲಾಕು. ಬದಲಾಯಿಸುವ ಮೊದಲಿನ ಶೀಟೇ ಹಾಗೇ ಕೂತಿತ್ತು. ರೈಟರ್ರು ಸ್ಟೋರಿಗೆ ಫೋನ್ ಮಾಡಿದರು. ಹೆಂಗಸರು ಹೊರಟು ಕಾಲು ಗಂಟೆಯಾಗಿತ್ತು, ವಾಚರ್ ರಾತ್ರಿ ಕಾವಲು ಮುಗಿಸಿ ಮಲಗಿದ್ದ.

ಬೈಯಲಿಲ್ಲ ಮಹಾರಾಯರು. ಬೈದಿದ್ದರೆ ಚೆನ್ನಾಗಿತ್ತು. “ನೀನು ಇದುನ್ನ ಸರಿಮಾಡು” ಎಂದು ಕೊಡೆ ಹಿಡಿದು, ಆ ಉಬ್ಬಸದ ಎದೆ ಕಟ್ಟಿಕೊಂಡು, ಒಳದಾರಿಯ ಇಳಿಜಾರಿನಲ್ಲಿ ಓಡಿದರು. ಮಂಜಿನಲ್ಲಿ ಇಪ್ಪತ್ತು ಹೆಜ್ಜೆಗೇ ಕಾಣದಾದರು.

ಸರ್ವರಿನ ಮುಂದೆ ಕೂತು ಡಿಸ್ಕ್ ತೆರೆದೆ. ಅಯ್ಯೋ... ತುಂಬಿಸಿದವಳು ನಾನೇ. ಹಳೇದೂ ಕಾಣ್ತಾ ಇರಲಿ ಅಂದಿದ್ದರಲ್ಲ, ನಕ್ಷೆ, ಫೋಟೋ ಎಲ್ಲ ಸೇರಿದ್ದ ಇಡೀ ಫೋಲ್ಡರನ್ನು ದಿನಾ ಸಂಜೆ ತಾರೀಖು ಹಾಕಿ ಇನ್ನೊಂದು ಪ್ರತಿ ಮಾಡಿಟ್ಟಿದ್ದೆ. ಮೂರು ವರ್ಷ, ಒಂದು ದಿನವೂ ಬಿಡದೆ. ಒಂದು ಆಯ್ದು ಅಳಿಸಲು ಹೋದರೆ ಅವಸರದಲ್ಲಿ ಇನ್ನೇನೋ ಆಯ್ಕೆಯಾಗುತ್ತಿತ್ತು. ಅಷ್ಟರಲ್ಲಿ ಹಳ್ಳದ ಕಡೆಯಿಂದ ಘೀಳು ಕೇಳಿತು. ಆಮೇಲೆ ಹೆಂಗಸರ ಕಿರುಚಾಟ. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ಅಕ್ಕನ ಮುಖ ನೆನಪಿಸಿಕೊಳ್ಳಲು ನೋಡಿದೆ, ಬರಲೇ ಇಲ್ಲ. ಕೊನೆಗೆ ಒಂದಷ್ಟು ಹಳೇ ಪ್ರತಿ ಅಳಿದು ಹೊಸ ಶೀಟು ಸೇವ್ ಆಯಿತು. ಅದನ್ನು ಕಟ್ಟಿಕೊಂಡು ಏನು ಮಾಡಲಿ?

ಮುಕ್ಕಾಲು ಗಂಟೆಯ ಮೇಲೆ ಗ್ಯಾಂಗು ಬಂತು. ಎಣಿಸಿದೆ, ಹದಿನೆಂಟೂ ಜನ. ಅಕ್ಕನೂ ಇನ್ನೊಬ್ಬಳೂ ರೈಟರ್ರಿಗೆ ಹೆಗಲು ಕೊಟ್ಟು ಎತ್ತಿಕೊಂಡು ಬರುತ್ತಿದ್ದರು. ತೊಡೆಯ ಮೂಳೆ ಮುರಿದಿತ್ತು. ಹಳ್ಳದ ಬೇಲಿ ದಾಟುವ ಮೊದಲೇ ಹೆಂಗಸರನ್ನು ಕೂಗಿ ತಡೆದಿದ್ದರಂತೆ. ಆನೆ ಆ ಕೂಗಿನ ಕಡೆಗೇ ತಿರುಗಿತಂತೆ. ತಪ್ಪಿಸಿಕೊಳ್ಳಲು ರೈಟರ್ರು ಒಂದು ಬಂಡೆಯಿಂದ ಕೆಳಕ್ಕೆ ಹಾರಿದ್ದರು.

ಮ್ಯಾನೇಜರು ಯಾರ ತಪ್ಪು ಎಂದು ಕೇಳಿದಾಗ, ರೈಟರ್ರು ಜೀಪಿನಲ್ಲಿ ಮಲಗಿಕೊಂಡೇ ಹೇಳಿದರು: “ಶೀಟು ನೋಡ್ದೆ ಕಳ್ಸಿದ್ದು ನಾನೇ ಸಾರ್.” ಆಮೇಲೆ ಸಕಲೇಶಪುರದ ಆಸ್ಪತ್ರೆಯಲ್ಲಿ ನನ್ನೊಬ್ಬಳಿಗೇ ಹೇಳಿದ್ದು ಬೇರೆ. “ನಾನು ಹೇಳ್ಕೊಟ್ಟಿದ್ದನ್ನೇ ನೀನು ಮಾಡ್ದೆ. ಹಳೇದು ಎಷ್ಟು ಇಟ್ಕೋಬೇಕು ಅಂತ ನಂಗೂ ಗೊತ್ತಿರ್‍ನಿಲ್ಲ ಕಣವ್ವ.” ಜಾಗವಿಲ್ಲವೆಂದು ಸರ್ವರು ಹಿಂದಿನ ಸಂಜೆಯೇ ನನಗೆ ಹೇಳಿತ್ತು, ನಾನು ಓದದೆ ಓಕೆ ಒತ್ತಿದ್ದೆ ಎಂದು ಆಗಲಾದರೂ ಬಾಯಿ ಬಿಡಬಹುದಿತ್ತು. ಕೆಲಸ ಹೋಗುತ್ತದೆಂದು ಹೆದರಿದೆ. ಅಕ್ಕ ಮುಖ ನೋಡುವುದಿಲ್ಲವೆಂದು ಹೆದರಿದೆ. ಕಿತ್ತಳೆ ಸುಲಿದು ಕೊಟ್ಟು ಎದ್ದು ಬಂದೆ.

ಅವರು ಮತ್ತೆ ಸರಿಯಾಗಿ ನಡೆಯಲಿಲ್ಲ. ಕೆಲಸ ಬಿಟ್ಟರು.

ಹೋದ ತಿಂಗಳು ರೈಟರ್ರು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಗ್ಯಾಂಗಿನ ಹೆಂಗಸರೆಲ್ಲ ಬಂದಿದ್ದರು, ಅಳುತ್ತಲೇ ಅದೇ ಕತೆ. “ಶೀಟು ನೋಡ್ದೆ ಕಳ್ಸಿಬುಟ್ಟು, ಆಮೇಲೆ ತಾನೇ ಓಡ್‍ಬಂದ ಪುಣ್ಯಾತ್ಮ” ಎಂದು ಅಕ್ಕ ಅವರ ಹೆಂಡತಿಯ ಕೈ ಹಿಡಿದು ಹೇಳುತ್ತಿದ್ದಳು. ಆಕೆ ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಪಕ್ಕದಲ್ಲೇ ನಿಂತಿದ್ದೆ.

ಮೊನ್ನೆ ಸೀದ ಒಗ್ಗರಣೆ ಚೆಲ್ಲಿ, ಫೋನು ಎತ್ತಿಕೊಂಡು ಅಕ್ಕನಿಗೆ ಮಾಡಿದೆ. ಎಲ್ಲವನ್ನೂ ಹೇಳಿದೆ. ಬಸ್ಸು, ಓಕೆ, ಎಲ್ಲ.

“ಮಣ್ಣಿನ ದಿನ ಆ ಯಮ್ಮನ ಮುಂದೆ ನಾನು ಹಂಗಂದಾಗ್ಲಾದ್ರೂ...” ಎಂದಳು ಅಕ್ಕ, “ಒಂದ್ಸಲ ನನ್ನ ಬಾಯಿ ಮುಚ್ಚುಸ್ಬಾರ್ದಾಗಿತ್ತೇನೇ?”