ಹೊಟ್ಟಿನ ಮೇಲೆ ಜಾರಿದ ತಾಡಪತ್ರಿ

ಸಿದ್ದಾಪುರದ ಹೊರಗೆ ನಾನಿದ್ದ ಬಸ್ಸು ಕೆಟ್ಟು ನಿಂತಿತ್ತು. ರಸ್ತೆಯಂಚಿನಲ್ಲಿ ರೈತ ಕಾಸೀಂಸಾಬರೂ ಅವರ ಹೆಂಡತಿಯೂ, ಮಳೆ ಬೀಳುವ ಮೊದಲೇ, ಒಣಹಾಕಿದ ಭತ್ತ ರಾಶಿಯಾಗಲೆಂದು ಅದರಡಿಯ ತಾಡಪತ್ರಿಯನ್ನು ಅಂಚಿನಿಂದ ನಡುವಿಗೆ ತಳ್ಳುತ್ತಿದ್ದರು. ನಾನೂ ಇಳಿದು ಎದುರಿನ ತುದಿ ಹಿಡಿದು ತಳ್ಳಿದೆ. ಅವರ ಕಡೆ ತಾಡಪತ್ರಿ ಜಾರಿ, ದೂರದವರೆಗೆ ಅಗಲ ಮಡಿಕೆಗಳೆದ್ದವು. ನನ್ನ ಕಡೆ ಕೈಬುಡದಲ್ಲೇ ಗುಪ್ಪೆಯಾಯಿತು.

“ನಮ್ಮ ಕಡೆ ಬುಡಕ ಹೊಟ್ಟು ಹರವೀವಿ, ಜಾರತೈತಿ. ನಿಮ್ಮ ಕಡೆ ಹೊಟ್ಟು ಸಾಲಲಿಲ್ರಿ ಸರ, ನೆಲ ಹಿಡಕೊಂಡೈತಿ,” ಎಂದರು ಸಾಬರು.

ನೆಲವನ್ನು ಪಕ್ಕದಿಂದ ಒತ್ತಿದಾಗ ಏಳುವ ಪರ್ವತಗಳೂ ಹೀಗೆಯೇ. ಅಡಿಯಲ್ಲಿ ಜಾರುವ ಮೆತ್ತನೆ ಪದರವಿದ್ದರೆ ಮಡಿಕೆ ದೂರ ಹರಡುತ್ತದೆ, ಇಲ್ಲದಿದ್ದರೆ ಒತ್ತಿದಲ್ಲೇ ಪೇರಿಕೊಳ್ಳುತ್ತದೆ. ಇದು ಕಾಲೇಜಿನಲ್ಲಿ ಓದಿದ್ದೋ, ಈಗ ಹೊಳೆದು ಓದಿದಂತೆನಿಸಿತೋ, ಖಾತ್ರಿಯಿಲ್ಲ. ಆದರೂ ಹೇಳಹೊರಟೆ.

“ಗುಡ್ಡ ಎಲ್ಲಿಗೂ ಹೋಗಂಗಿಲ್ರಿ, ಭತ್ತ ತೊಯ್ತೈತಿ,” ಎಂದರು ಅವರ ಹೆಂಡತಿ. “ದಬ್ಬಬ್ಯಾಡ್ರಿ, ಮಡಚಿ ಮ್ಯಾಲ ಹೊದಸ್ರಿ.”

ಅಂಚನ್ನೆತ್ತಿ ಭತ್ತದ ಮೇಲೆ ಮಗುಚಿದೆ. ಮೊದಲ ಹನಿಗಳು ತಾಡಪತ್ರಿಯ ಬೆನ್ನ ಮೇಲೆ ಸಪ್ಪಳ ಮಾಡಿದವು.