ಬುತ್ತಿ ಹಳಸದಷ್ಟು ದೂರ

ನಮ್ಮ ಹನಗೋಡಿನ ಮನೆಯಲ್ಲಿ ಹೆಣ್ಣು ಕೊಡುವ ಊರಿನ ದೂರವನ್ನು ಅಜ್ಜಿ ಬುತ್ತಿಯಿಂದ ಅಳೆಯುತ್ತಿದ್ದಳು. ಬೆಳಿಗ್ಗೆ ಕಟ್ಟಿದ ಮೊಸರನ್ನ ಹುಳಿಯಾಗುವುದರೊಳಗೆ ಗಾಡಿ ಬೀಗರ ಮನೆ ಮುಟ್ಟಬೇಕು. ಅದಕ್ಕಿಂತ ಆಚೆಯ ಗಂಡು ಅರಮನೆಯವನಾದರೂ ಬೇಡ. ಈ ಕಾನೂನಿನ ದೆಸೆಯಿಂದ ನನ್ನ ಸೋದರತ್ತೆಯರೆಲ್ಲ ಹುಣಸೂರು, ಪಿರಿಯಾಪಟ್ಟಣದ ಆಸುಪಾಸಿನಲ್ಲೇ ಇದ್ದರು. ಗಂಡನ ಜೊತೆ ಜಗಳವಾದರೆ ಸಂಜೆಯೊಳಗೆ ನಮ್ಮ ಜಗಲಿಯ ಮೇಲೆ ಮೂಗು ಸೀಟುತ್ತಾ ಕೂತಿರುತ್ತಿದ್ದರು. ಮರುದಿನ ಅಜ್ಜಿಯೇ ಗಾಡಿ ಕಟ್ಟಿಸಿ ವಾಪಸ್ ಕಳಿಸುತ್ತಿದ್ದಳು. ಈ ಓಡಾಟದಲ್ಲಿ ನಮ್ಮ ಎತ್ತುಗಳು ಬಡಕಲಾದವೇ ಹೊರತು ಯಾವ ಜಗಳವೂ ತೀರಲಿಲ್ಲ.

ಯುದ್ಧ ಮುಗಿದ ಹೊಸದರಲ್ಲಿ ನನ್ನನ್ನು ನೋಡಲು ಬಿಳಿಕೆರೆಯಿಂದ ಒಂದು ಗಂಡು ಬಂತು. ಉತ್ತರದ ಹಿಮದ ಬೆಟ್ಟಗಳ ಕಡೆ, ಒಂದು ವಿಮಾನ ನಿಲ್ದಾಣದಲ್ಲಿ ಸಾಮಾನು ಹೇರುವ ಕೆಲಸ. ಜೊತೆಗೆ ಬಂದಿದ್ದ ಅವನ ಸೋದರಮಾವನಿಗೆ ಅಜ್ಜಿಯ ಕಾನೂನು ಮೊದಲೇ ಗೊತ್ತಿತ್ತು. ಆಸಾಮಿ ಎಲೆಯಡಿಕೆಯ ಜೊತೆ ಸುಳ್ಳನ್ನೂ ಮಡಿಸಿಕೊಂಡು ಬಂದಿದ್ದ.

"ಒಂದೇ ಗಂಟೆ ಕಣಮ್ಮಾ," ಎಂದ. "ಇಮಾನ ನೆಟ್ಟಗೆ ಗಾಳೀಲಿ ಓಯ್ತದೆ. ಬೆಟ್ಟ ಸುತ್ತಂಗಿಲ್ಲ, ಒಳೆ ದಾಟಂಗಿಲ್ಲ. ಮೊಸರನ್ನ ಅತ್ಲಾಗಿರ್ಲಿ, ಕಾಯ್ಸಿದ ಹಾಲೂ ಆರಾಕಿಲ್ಲ."

ಅಜ್ಜಿಗೆ ಹುಣಸೂರಿಗೆ ಹೋಗುವುದೇ ಅರ್ಧ ದಿನದ ಕೆಲಸ. ಒಂದು ಗಂಟೆ ಎಂದ ಕೂಡಲೇ ಹಿಮದ ಬೆಟ್ಟ ನಮ್ಮ ಗದ್ದೆಯ ಆಚೆ ಬಂದು ನಿಂತಿತು. ಅವಳ ಮುಖ ಅರಳಿತು. ಬಾಗಿಲ ಹಿಂದೆ ನಿಂತಿದ್ದ ನನಗೆ ಮಾತ್ರ ಸಪ್ಪೆಯೆನಿಸಿತು. ಇಷ್ಟು ಹತ್ತಿರವಾದರೆ ಇವನನ್ನು ಕಟ್ಟಿಕೊಂಡು ಏನು ಸುಖ?

ಅಷ್ಟರಲ್ಲಿ ಗಂಡು ಕೆಮ್ಮಿದ.

"ಸುಳ್ಳು ಯಾಕೆ ಮಾವ? ಒಂದು ಗಂಟೆ ಇಲ್ಲಿಂದ ಅಲ್ಲ ಕಣಜ್ಜಿ. ನಾನಿರೋ ನಿಲ್ದಾಣದಿಂದ ಬೆಟ್ಟದಾಚೆ ಇನ್ನೊಂದು ನಿಲ್ದಾಣಕ್ಕೆ. ಅದೂ ಮೋಡ ಇಲ್ದಿದ್ರೆ. ಮೋಡ ಕವ್ಕಂಡ್ರೆ ವಾರಗಟ್ಲೆ ಕಾಯ್ಬೇಕು. ಇಲ್ಲಿಂದ ನಾನಿರೋ ತಾವ್ಕೆ ರೈಲಲ್ಲಿ ಐದಾರು ದಿನ, ಆಮೇಲೆ ಲಾರಿ."

ಮಾವನ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. ಅಜ್ಜಿ ಎದ್ದು ಸೆರಗು ಕೊಡವಿದಳು. "ಐದಾರು ದಿನಕ್ಕೆ ಬುತ್ತೀಲಿ ಹುಳ ಬೀಳ್ತದೆ. ಮಜ್ಜಿಗೆ ಕುಡ್ಕಂಡು ಒರಡಿ," ಎಂದು ಹೇಳಿ ಒಳಗೆ ಬಂದಳು.

ಅವನು ಆಗ ತಾನೇ ನನಗೆ ಹಿಡಿಸಿದ್ದ, ಅವನ ಐದಾರು ದಿನಗಳ ಸಮೇತ.

"ಹುರಿಹಿಟ್ಟು ಕಟ್ಕೊಡಜ್ಜಿ. ತಿಂಗಳಾದ್ರೂ ಕೆಡಾಕಿಲ್ಲ," ಎಂದೆ.

"ಬಾಯಿ ನೋಡು ಇವಳ್ದು! ಅಷ್ಟು ದೂರ ಓದ್ರೆ, ಕಷ್ಟ ಬಂದಾಗ ಅತ್ಕಂಡು ಬರಕ್ಕಾಯ್ತದೇನೇ?"

"ಅಂಗೆ ಬರಕ್ಕಾಗಲ್ಲ ಅಂತ್ಲೇ ಓಯ್ತೀನಿ. ದೂರ ಅಂತ್ಲೇ ಇಷ್ಟ ನಂಗೆ."

ಹೊರಗೆ ಜಗಲಿಗೂ ಕೇಳಿಸಿರಬೇಕು. ಕೆನ್ನೆಗೆ ಬೀಳುತ್ತದೆಂದು ನಾನು ಕಣ್ಣು ಮುಚ್ಚಿಕೊಂಡೆ. ಬೀಳಲಿಲ್ಲ. ಅಜ್ಜಿ ಗೋಡೆಗೆ ಒರಗಿ ಕೂತುಬಿಟ್ಟಿದ್ದಳು. ಅವಳ ತವರು ಎದುರು ಮನೆ. ಮದುವೆಯಾಗಿ ಅವಳು ದಾಟಿದ್ದು ಒಂದು ಬೀದಿ, ಅಷ್ಟೆ.

"ನಂಗೂ ದೂರ ಓಗ್ಬೇಕು ಅನ್ನಿಸ್ತಿತ್ತು ಕಣೇ," ಎಂದಳು ಮೆಲ್ಲಗೆ. "ಯಾರೂ ಕೇಳ್ನಿಲ್ಲ."

ಆಮೇಲೆ ಎದ್ದು, ಮುಖ ಒರೆಸಿಕೊಂಡು ಜಗಲಿಗೆ ಹೋದಳು. ಹೂ ಮುಡಿಸಲು ಯಾವತ್ತು ಬರುತ್ತೀರಿ ಎಂದು ಅವರನ್ನು ಕೇಳಿದಳು.